ಲೈಸೆನ್ಸಿಗಾಗಿ ಕಡಲು ದಾಟಿದ ಬೆಸ್ಸಿ

ವಿಮಾನ ಹಾರಿಸುವುದನ್ನು ಕಲಿಯಬೇಕೆಂದು ಹೊರಟ ಬೆಸ್ಸಿ ಕೋಲ್ಮನ್ ಮೊದಲು ಸೇರಿದ್ದು ಫ್ರೆಂಚ್ ಕ್ಲಾಸಿಗೆ. ವರ್ಷ 1920, ಊರು ಅಮೆರಿಕದ ಶಿಕಾಗೊ. ಸಲೂನಿನಲ್ಲಿ ಗಂಡಸರ ಉಗುರು ಕತ್ತರಿಸಿ ಪಾಲಿಶ್ ಮಾಡಿ ಬದುಕಿದ್ದ ಹುಡುಗಿ ಬರ್ಲಿಟ್ಜ್ ಭಾಷಾ ಶಾಲೆಯಲ್ಲಿ ಕೂತು ಫ್ರೆಂಚ್ ಕ್ರಿಯಾಪದಗಳನ್ನು ಬಾಯಿಪಾಠ ಮಾಡತೊಡಗಿದಳು. ಅಮೆರಿಕದಲ್ಲಿ ವಿಮಾನಕ್ಕಾಗಲೀ ಕಲಿಸುವವರಿಗಾಗಲೀ ಬರವೇನೂ ಇರಲಿಲ್ಲ. ಆದರೆ ಆಕೆ ಕಪ್ಪು ಜನಾಂಗದವಳು, ಮೇಲಾಗಿ ಹೆಂಗಸು. ಕೇಳಿದ ಕಡೆಯೆಲ್ಲ ಆಗುವುದಿಲ್ಲ ಎಂಬ ಉತ್ತರವೇ ಬಂತು.

ಇವತ್ತು ನಮ್ಮಲ್ಲಿ ಪೈಲಟ್ ಆಗಬೇಕೆನ್ನುವ ಎಷ್ಟೋ ಹುಡುಗ ಹುಡುಗಿಯರು ಬ್ಯಾಂಕ್ ಸಾಲ ಮಾಡಿ ಅಮೆರಿಕದ ಫ್ಲೈಯಿಂಗ್ ಸ್ಕೂಲ್‌ಗಳಿಗೆ ಹೋಗುತ್ತಾರೆ. ನೂರು ವರ್ಷದ ಹಿಂದೆ ಅದೇ ದೇಶದವಳೊಬ್ಬಳು ಅದೇ ವಿದ್ಯೆಗಾಗಿ ದೇಶ ಬಿಟ್ಟು ಹೋಗಬೇಕಾಯಿತು. ಇದನ್ನು ಓದಿದ ಮೇಲೆ ಆಕೆಯ ಬದುಕನ್ನು ಪೂರ್ತಿ ತಿಳಿಯುವವರೆಗೆ ನನಗೆ ಸಮಾಧಾನವಾಗಲಿಲ್ಲ. ಇಂಟರ್ನಲ್ಸ್ ಹತ್ತಿರವಿದ್ದರೂ ಓದಿದ್ದು ಇದನ್ನೇ.

ಬೆಸ್ಸಿ ಹುಟ್ಟಿದ್ದು 1892ರ ಜನವರಿ 26ರಂದು, ಟೆಕ್ಸಸ್ ರಾಜ್ಯದ ಅಟ್ಲಾಂಟಾ ಎಂಬ ಚಿಕ್ಕ ಊರಿನಲ್ಲಿ. ದೊಡ್ಡ ನಗರ ಅಟ್ಲಾಂಟಾ ಬೇರೆ, ಇದು ಬೇರೆ. ಹದಿಮೂರು ಮಕ್ಕಳಲ್ಲಿ ಆಕೆ ಹತ್ತನೆಯವಳು. ಅಪ್ಪ ಜಾರ್ಜ್, ಅಮ್ಮ ಸೂಸನ್ ಇಬ್ಬರೂ ಬೇರೆಯವರ ಹೊಲದಲ್ಲಿ ಪಾಲಿಗೆ ದುಡಿಯುವ ರೈತರು. ಬೆಸ್ಸಿಗೆ ಎರಡು ವರ್ಷವಾದಾಗ ಕುಟುಂಬ ವಾಕ್ಸಹ್ಯಾಚಿ ಎಂಬ ಊರಿಗೆ ಬಂತು. ಅಲ್ಲಿ ಕಪ್ಪು ಮಕ್ಕಳಿಗೆ ಬೇರೆಯೇ ಶಾಲೆ. ಒಂದೇ ಕೋಣೆ, ನಾಲ್ಕು ಮೈಲಿ ನಡಿಗೆ. ಹತ್ತಿ ಬಿಡಿಸುವ ಕಾಲ ಬಂತೆಂದರೆ ಶಾಲೆ ಬಂದ್, ಮಕ್ಕಳೆಲ್ಲ ಹೊಲಕ್ಕೆ.

ಲೆಕ್ಕದಲ್ಲಿ ಬೆಸ್ಸಿ ಚುರುಕು. ಮನೆಯವರು ಬಿಡಿಸಿದ ಹತ್ತಿಯ ತೂಕ, ಬರಬೇಕಾದ ಕೂಲಿ ಎಲ್ಲವನ್ನೂ ಬರೆದಿಡುವ ಕೆಲಸ ಆಕೆಯದೇ. ಮೇಸ್ತ್ರಿ ಆಚೆ ನೋಡಿದಾಗ ತಕ್ಕಡಿಯ ಮೇಲೆ ಮೆಲ್ಲಗೆ ಕಾಲು ಒತ್ತಿ ತೂಕ ಹೆಚ್ಚಿಸುತ್ತಿದ್ದಳು ಎಂಬ ಕಥೆಯೂ ಇದೆ. ನನಗಂತೂ ಈ ಕಥೆ ಇಷ್ಟ. ಅಮ್ಮನಿಗೆ ಓದಲು ಬರುತ್ತಿರಲಿಲ್ಲ. ಆದರೂ ಊರಿಗೆ ಆಗೊಮ್ಮೆ ಈಗೊಮ್ಮೆ ಬರುತ್ತಿದ್ದ ಪುಸ್ತಕದ ಗಾಡಿಯಿಂದ ಪುಸ್ತಕ ತಂದು ಮಗಳಿಂದ ಗಟ್ಟಿಯಾಗಿ ಓದಿಸಿ ಕೇಳುತ್ತಿದ್ದಳು. 1901ರಲ್ಲಿ ಅಪ್ಪ ಮನೆ ಬಿಟ್ಟು ಒಕ್ಲಹೋಮಾದ ಕಡೆ ಹೋದ. ಆತನದು ಅಲ್ಲಿನ ಮೂಲನಿವಾಸಿಗಳ ರಕ್ತಸಂಬಂಧವೂ ಇದ್ದ ಕುಟುಂಬ. ಆ ಸೀಮೆಯಲ್ಲಾದರೂ ತಲೆಯೆತ್ತಿ ಬದುಕಬಹುದು ಎಂಬ ಆಸೆ ಆತನದು. ಅಮ್ಮ ಜೊತೆಗೆ ಹೋಗಲಿಲ್ಲ.

ಬಟ್ಟೆ ಒಗೆದು ಕೂಡಿಸಿದ ದುಡ್ಡಿನಲ್ಲಿ ಬೆಸ್ಸಿ 1910ರಲ್ಲಿ ಒಕ್ಲಹೋಮಾದ ಲ್ಯಾಂಗ್‌ಸ್ಟನ್‌ನಲ್ಲಿದ್ದ ಕಪ್ಪು ಜನರ ಕಾಲೇಜಿಗೆ ಸೇರಿದಳು. ಒಂದು ಟರ್ಮ್ ಮುಗಿಯುವಷ್ಟರಲ್ಲಿ ದುಡ್ಡೂ ಮುಗಿಯಿತು. ಮತ್ತೆ ಊರು, ಮತ್ತೆ ಒಗೆತ. 1915ರಲ್ಲಿ, ಇಪ್ಪತ್ಮೂರನೇ ವಯಸ್ಸಿನಲ್ಲಿ, ಅಣ್ಣಂದಿರಿದ್ದ ಶಿಕಾಗೊಗೆ ರೈಲು ಹತ್ತಿದಳು. ಸಲೂನಿನ ಕೆಲಸ ಸಿಕ್ಕಿದ್ದು ಅಲ್ಲಿ.

ಸಲೂನು ಎಂದರೆ ಎಲ್ಲ ಊರಿನಲ್ಲೂ ಒಂದೇ. ಕತ್ತರಿಗಿಂತ ಮಾತು ಜೋರು. ಮೊದಲ ಮಹಾಯುದ್ಧ ಮುಗಿದು ಸೈನಿಕರು ಮರಳಿದ್ದ ಸಮಯ ಅದು. ಅಣ್ಣ ಜಾನ್ ಫ್ರಾನ್ಸಿನಲ್ಲಿ ಸೇನೆಯಲ್ಲಿದ್ದು ಬಂದಿದ್ದ. ಅಲ್ಲಿನ ಹೆಂಗಸರು ವಿಮಾನ ಕೂಡ ಹಾರಿಸುತ್ತಾರೆ, ನಿಮ್ಮ ಕೈಯಲ್ಲಿ ಅದೆಲ್ಲ ಆಗುವ ಮಾತೇ ಎಂದು ಒಂದು ದಿನ ಎಲ್ಲರೆದುರು ತಂಗಿಯನ್ನು ಕೆಣಕಿದ. ಅದು ತಮಾಷೆಯ ಮಾತು. ತಂಗಿ ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ, ಅಷ್ಟೇ.

ಎಲ್ಲೂ ಕಲಿಸುವವರು ಸಿಗದಿದ್ದಾಗ ದಾರಿ ತೋರಿಸಿದವರು ರಾಬರ್ಟ್ ಅಬಾಟ್. ಕಪ್ಪು ಜನರ ದೊಡ್ಡ ಪತ್ರಿಕೆಯಾಗಿದ್ದ ಶಿಕಾಗೊ ಡಿಫೆಂಡರ್‌ನ ಮಾಲೀಕರು ಅವರು. ಭಾಷೆ ಕಲಿತು ಫ್ರಾನ್ಸಿಗೆ ಹೋಗು, ಅಲ್ಲಿ ಬಣ್ಣ ನೋಡುವುದು ಕಡಿಮೆ ಎಂಬುದು ಅವರ ಸಲಹೆ. ಬೆಸ್ಸಿ ಹೆಚ್ಚು ಸಂಬಳಕ್ಕಾಗಿ ಒಂದು ಹೋಟೆಲ್ ನೋಡಿಕೊಳ್ಳುವ ಕೆಲಸ ಹಿಡಿದಳು, ಕಾಸಿಗೆ ಕಾಸು ಕೂಡಿಸಿದಳು. ಅಬಾಟ್ ಅವರೂ, ಜೆಸ್ಸಿ ಬಿಂಗಾ ಎಂಬ ಬ್ಯಾಂಕ್ ಮಾಲೀಕರೂ ಕೈ ಜೋಡಿಸಿದರು. 1920ರ ನವೆಂಬರ್ 20ರಂದು ನ್ಯೂಯಾರ್ಕ್‌ನಲ್ಲಿ ಇಂಪರೇಟರ್ ಎಂಬ ಹಡಗು ಹತ್ತಿದಾಗ ಆಕೆಗೆ ಇಪ್ಪತ್ತೆಂಟು ವರ್ಷ.

ಪ್ಯಾರಿಸ್‌ನಲ್ಲಿ ಮೊದಲು ಕೇಳಿದ ಶಾಲೆ ಸೇರಿಸಿಕೊಳ್ಳಲಿಲ್ಲ. ವಿಮಾನ ಕಲಿಯಲು ಹೋದ ಹೆಂಗಸರು ಸತ್ತಿದ್ದಾರೆ, ನಮಗೆ ಆ ಉಸಾಬರಿ ಬೇಡ ಎಂಬುದು ಅವರ ನಿಲುವು. ಕೊನೆಗೆ ಜಾಗ ಸಿಕ್ಕಿದ್ದು ಉತ್ತರ ಫ್ರಾನ್ಸಿನಲ್ಲಿ, ಸೋಮ್ ನದಿ ಕಡಲು ಸೇರುವಲ್ಲಿರುವ ಲ ಕ್ರೊಟ್ವಾ ಎಂಬ ಊರಿನಲ್ಲಿ. ಕೋದ್ರೋಂ ಸಹೋದರರು ಕಟ್ಟಿದ್ದ ಹೆಸರಾಂತ ಶಾಲೆ ಅದು. ಆದರೆ ಆ ಹೆಸರಿನ ಜೊತೆ ಸಾವುಗಳೂ ಅಂಟಿಕೊಂಡಿದ್ದವು. ಸಹೋದರರಲ್ಲಿ ಒಬ್ಬರಾದ ಗಾಸ್ಟೋನ್ 1915ರಲ್ಲಿ ವಿಮಾನ ಅಪಘಾತದಲ್ಲೇ ತೀರಿಕೊಂಡಿದ್ದರು. 1910ರಲ್ಲಿ ಲೈಸೆನ್ಸ್ ಪಡೆದು ಪ್ರಪಂಚದ ಮೊದಲ ಮಹಿಳಾ ಪೈಲಟ್ ಎನಿಸಿಕೊಂಡಿದ್ದ ಫ್ರಾನ್ಸಿನ ರೇಮೋಂಡ್ ದ ಲಾರೋಶ್ 1919ರ ಜುಲೈನಲ್ಲಿ ವಿಮಾನ ಬಿದ್ದು ಸತ್ತದ್ದೂ ಇದೇ ಲ ಕ್ರೊಟ್ವಾದಲ್ಲಿ. ಬೆಸ್ಸಿ ಅಲ್ಲಿಗೆ ಕಾಲಿಡುವ ಹೊತ್ತಿಗೆ ಅದಾಗಿ ಎರಡು ವರ್ಷವೂ ಆಗಿರಲಿಲ್ಲ.

ಆಕೆ ಕಲಿತ ವಿಮಾನದ ಹೆಸರು ನ್ಯೂಪೋರ್ 82. ಒಂದರ ಮೇಲೊಂದು ಎರಡು ರೆಕ್ಕೆ, ಒಳಗೆ ಮರದ ಚೌಕಟ್ಟು, ಮೇಲೆ ಬಟ್ಟೆಯ ಹೊದಿಕೆ, ಬಿಗಿಯಾಗಿ ಹಿಡಿದಿಡಲು ತಂತಿಗಳು. ಉದ್ದ 27 ಅಡಿ, ರೆಕ್ಕೆಯ ಹರವು 40 ಅಡಿ. ಸ್ಟಿಯರಿಂಗ್ ಇಲ್ಲ, ಬ್ರೇಕ್ ಇಲ್ಲ. ಕೈಯಲ್ಲಿ ಬೇಸ್‌ಬಾಲ್ ಬ್ಯಾಟಿನಷ್ಟು ದಪ್ಪದ ಒಂದು ಕೋಲು, ಕಾಲಿನ ಕೆಳಗೆ ರಡ್ಡರ್ ತಿರುಗಿಸುವ ಒಂದು ಅಡ್ಡಪಟ್ಟಿ. ಇಳಿದ ಮೇಲೆ ನಿಲ್ಲಿಸುವುದು ಹೇಗೆ? ಬಾಲದ ಕೆಳಗಿನ ಲೋಹದ ಕೊಕ್ಕೆ ನೆಲವನ್ನು ಕೆರೆಯುತ್ತ ಕೆರೆಯುತ್ತ ತಾನಾಗಿಯೇ ನಿಲ್ಲಬೇಕು.

ಆ ಕಾಲದ ಫ್ರೆಂಚ್ ತರಬೇತಿ ವಿಮಾನಗಳಲ್ಲಿ ಸಾಮಾನ್ಯವಾಗಿದ್ದ ರೋಟರಿ ಎಂಜಿನ್ ಬಗ್ಗೆ ಮೆಕ್ಯಾನಿಕಲ್ ವಿದ್ಯಾರ್ಥಿಯಾಗಿ ಎರಡು ಮಾತು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ನಮ್ಮ ಬೈಕಿನಲ್ಲಿ ಸಿಲಿಂಡರ್ ಕದಲದೆ ಕೂತಿರುತ್ತದೆ, ಒಳಗಿನ ಕ್ರ್ಯಾಂಕ್ ಶಾಫ್ಟ್ ತಿರುಗುತ್ತದೆ. ಇದರಲ್ಲಿ ಶಾಫ್ಟನ್ನು ವಿಮಾನಕ್ಕೆ ಬಿಗಿದಿರುತ್ತಾರೆ. ಸಿಲಿಂಡರುಗಳ ಸಮೇತ ಇಡೀ ಎಂಜಿನ್ನೇ ಪ್ರೊಪೆಲ್ಲರ್ ಜೊತೆ ಗಿರಗಿರನೆ ಸುತ್ತುತ್ತದೆ! ಗಾಳಿಗೆ ತಾನಾಗಿ ತಣ್ಣಗಾಗುತ್ತದೆ ಎಂಬುದು ಲಾಭ. ಆದರೆ ಅಷ್ಟು ಭಾರ ಸುತ್ತುತ್ತಿರುವಾಗ ವಿಮಾನ ಒಂದು ಬದಿಗೆ ತಿರುಗುವಂತೆ ಇನ್ನೊಂದು ಬದಿಗೆ ತಿರುಗುವುದಿಲ್ಲ. ಕಲಿಯುವವರಿಗೆ ಇದೇ ದೊಡ್ಡ ಗಂಡಾಂತರ. ಇನ್ನು ಅದಕ್ಕೆ ಹಾಕುತ್ತಿದ್ದ ಎಣ್ಣೆ ಯಾವುದು ಗೊತ್ತೇ? ಹರಳೆಣ್ಣೆ. ಅದು ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದಿಲ್ಲ ಎಂಬ ಕಾರಣಕ್ಕೆ. ಸುತ್ತುವ ಎಂಜಿನ್ ಆ ಎಣ್ಣೆಯನ್ನು ಹಿಂದಕ್ಕೆ ಎರಚುತ್ತಲೇ ಇರುತ್ತಿತ್ತು. ಪೈಲಟ್‌ಗಳ ಮುಖ, ಕನ್ನಡಕ, ಕೋಟು ಎಲ್ಲದಕ್ಕೂ ಹರಳೆಣ್ಣೆಯ ಅಭ್ಯಂಜನ.

ಬೆಸ್ಸಿ ಹಿಂದಿನ ಸೀಟು, ಕಲಿಸುವವರು ಮುಂದಿನ ಸೀಟು. ಎಂಜಿನ್ ಸದ್ದಿನಲ್ಲಿ ಮಾತು ಕೇಳಿಸುವ ಪ್ರಶ್ನೆಯೇ ಇಲ್ಲ. ಎರಡೂ ಸೀಟಿನ ಕೋಲುಗಳು ಒಂದಕ್ಕೊಂದು ಜೋಡಿಸಿದಂಥವು. ಗುರುವಿನ ಕೈ ಅಲುಗಿದಂತೆ ಶಿಷ್ಯೆಯ ಕೈಯಲ್ಲಿರುವ ಕೋಲೂ ಅಲುಗುತ್ತದೆ. ಅದನ್ನು ಹಿಡಿದುಕೊಂಡೇ ತಿರುವು ಎಷ್ಟು, ಇಳಿತ ಎಷ್ಟು ಎಂದು ಅರಿಯಬೇಕು. ಅಂದರೆ ಕಷ್ಟಪಟ್ಟು ಕಲಿತು ಹೋದ ಫ್ರೆಂಚ್ ಆಕಾಶದಲ್ಲಿ ಉಪಯೋಗಕ್ಕೆ ಬರಲೇ ಇಲ್ಲ. ಬಂದದ್ದು ನೆಲದ ಮೇಲೆ. ಹಾರುವ ಮುನ್ನ ಇಡೀ ವಿಮಾನವನ್ನು ಮುಟ್ಟಿ ನೋಡಿ ಪರೀಕ್ಷಿಸುವುದು ಅಲ್ಲಿ ಪಾಠದ ಒಂದು ಭಾಗವೇ ಆಗಿತ್ತು. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಜೊತೆಗೆ ಕಲಿಯುತ್ತಿದ್ದ ಒಬ್ಬರು ಅಪಘಾತದಲ್ಲಿ ಸಾಯುವುದನ್ನು ಬೆಸ್ಸಿ ಕಣ್ಣಾರೆ ಕಂಡಳು. ಕೆಲವು ದಿನ ಮನಸ್ಸು ಕದಡಿತು. ಬಿಟ್ಟು ಬರಲಿಲ್ಲ. ಸುಮಾರು ಏಳು ತಿಂಗಳಲ್ಲಿ ಪರೀಕ್ಷೆಗೆ ತಯಾರಾದಳು. 5 ಕಿಲೋಮೀಟರ್ ದೂರ ಹಾರಬೇಕು, ಗಾಳಿಯಲ್ಲಿ ಇಂಗ್ಲಿಷಿನ ಎಂಟರ ಆಕಾರ ಬರೆಯಬೇಕು, ನೆಲ ಮುಟ್ಟುವ ಮೊದಲೇ ಎಂಜಿನ್ ಬಂದ್ ಮಾಡಿ, ಗುರುತು ಮಾಡಿದ ಜಾಗದಿಂದ 50 ಮೀಟರ್ ಒಳಗೆ ಇಳಿಸಬೇಕು. ಬ್ರೇಕ್ ಇಲ್ಲದ ವಿಮಾನದಲ್ಲಿ! 1921ರ ಜೂನ್ 15ರಂದು ಅಂತರರಾಷ್ಟ್ರೀಯ ವಾಯುಯಾನ ಒಕ್ಕೂಟದ ಲೈಸೆನ್ಸ್ ಆಕೆಯ ಕೈಗೆ ಬಂತು. ಪೈಲಟ್ ಲೈಸೆನ್ಸ್ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆ ಆಕೆ. ಲೈಸೆನ್ಸಿನಲ್ಲಿ ಹುಟ್ಟಿದ ವರ್ಷ 1896 ಎಂದಿದೆ. ನಾಲ್ಕು ವರ್ಷ ಕಡಿಮೆ ಹೇಳಿಕೊಂಡಿದ್ದಳು. ತಕ್ಕಡಿಯ ಮೇಲೆ ಕಾಲಿಟ್ಟ ಹುಡುಗಿಯಲ್ಲವೇ, ಈ ಸಲ ತೂಕ ಇಳಿಸಿದ್ದಾಳೆ.

ಇಲ್ಲಿ ಒಂದು ವಿಚಿತ್ರವಿದೆ. 1921ರ ಅಮೆರಿಕದಲ್ಲಿ ವಿಮಾನ ಹಾರಿಸಲು ಲೈಸೆನ್ಸ್ ಬೇಕೆಂಬ ಕಾನೂನು ಇಡೀ ದೇಶಕ್ಕೆ ಅನ್ವಯಿಸುವಂತೆ ಇರಲೇ ಇಲ್ಲ. ಯುದ್ಧ ಮುಗಿದ ಮೇಲೆ ಸೇನೆ ಕೈಬಿಟ್ಟ ಕರ್ಟಿಸ್ ಜೆನ್ನಿ ವಿಮಾನಗಳು ಕೆಲವು ನೂರು ಡಾಲರಿಗೆ ಸಿಗುತ್ತಿದ್ದವು. ದುಡ್ಡಿದ್ದವರು ಕೊಂಡು ಹಾರಿಸುತ್ತಿದ್ದರು. ಯಾರ ಹತ್ತಿರವೂ ಕೇಳದ ಕಾಗದವನ್ನು ತರಲು ಬೆಸ್ಸಿ ಅಟ್ಲಾಂಟಿಕ್ ದಾಟಿದ್ದಳು. ಬಿಳಿಯರಿಗೆ ವಿಮಾನ ಇದ್ದರೆ ಸಾಕಿತ್ತು. ಆಕೆಯ ಹತ್ತಿರ ಕಾಗದ ಇತ್ತು, ವಿಮಾನ ಇರಲಿಲ್ಲ. ಮುಂದಿನ ಐದು ವರ್ಷದ ಕಥೆಯೆಲ್ಲ ಇದೇ.

ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿಗೆ ಬಂದಿಳಿದಾಗ ಪತ್ರಿಕೆಯವರು ಮುತ್ತಿಕೊಂಡರು. ಆದರೆ ಹೆಸರಿನಿಂದ ಹೊಟ್ಟೆ ತುಂಬುವುದಿಲ್ಲ. ಆಗಿನ್ನೂ ಪ್ರಯಾಣಿಕರ ವಿಮಾನ ಸೇವೆ ಎಂಬುದು ಹೆಸರಿಗಷ್ಟೇ ಇದ್ದ ಕಾಲ. ಪೈಲಟ್ ದುಡಿಯಬೇಕೆಂದರೆ ಜಾತ್ರೆಯಂತೆ ಜನ ಸೇರುವ ಏರ್ ಶೋಗಳಲ್ಲಿ ಪಲ್ಟಿ ಹೊಡೆದು ತೋರಿಸಬೇಕು. ಅದನ್ನು ಕಲಿಸುವವರೂ ಅಮೆರಿಕದಲ್ಲಿ ಸಿಗಲಿಲ್ಲ. 1922ರ ಫೆಬ್ರುವರಿಯಲ್ಲಿ ಬೆಸ್ಸಿ ಮತ್ತೆ ಹಡಗು ಹತ್ತಿದಳು. ಫ್ರಾನ್ಸಿನಲ್ಲಿ ಹೆಚ್ಚಿನ ತರಬೇತಿ, ಅಲ್ಲಿಂದ ಹಾಲೆಂಡಿನಲ್ಲಿ ವಿಮಾನ ತಯಾರಕ ಆಂಟನಿ ಫಾಕರ್ ಅವರ ಭೇಟಿ, ಆಮೇಲೆ ಜರ್ಮನಿಯಲ್ಲಿ ಫಾಕರ್ ಕಂಪನಿಯ ಪೈಲಟ್‌ನಿಂದ ಪಾಠ. ಕೇವಲ ನಾಲ್ಕು ವರ್ಷದ ಹಿಂದೆ ಒಬ್ಬರನ್ನೊಬ್ಬರು ಕೊಂದುಕೊಂಡ ಎರಡು ದೇಶಗಳವರೂ ಆಕೆಗೆ ಕಲಿಸಿದರು, ಆಕೆಯ ದೇಶವೊಂದನ್ನು ಬಿಟ್ಟು.

1922ರ ಸೆಪ್ಟೆಂಬರ್ 3ರಂದು ನ್ಯೂಯಾರ್ಕ್ ಬಳಿಯ ಕರ್ಟಿಸ್ ಫೀಲ್ಡ್‌ನಲ್ಲಿ ಮೊದಲ ಪ್ರದರ್ಶನ ನಡೆಯಿತು. ಯುದ್ಧದಲ್ಲಿ ಹೋರಾಡಿ ಬಂದ ಕಪ್ಪು ಸೈನಿಕರ 369ನೇ ರೆಜಿಮೆಂಟಿನ ಗೌರವಾರ್ಥ ಏರ್ಪಡಿಸಿದ್ದ ಪ್ರದರ್ಶನ ಅದು. ವಿಮಾನ ಎರವಲು. ಕೆಲವು ವಾರಗಳ ನಂತರ ಶಿಕಾಗೊದಲ್ಲಿ ಇನ್ನೊಂದು. ಕೊನೆಗೆ ಕ್ಯಾಲಿಫೋರ್ನಿಯಾದಲ್ಲಿ ಒಂದು ಹಳೆಯ ಜೆನ್ನಿಯನ್ನು ಸ್ವಂತಕ್ಕೆ ಕೊಂಡಳು. 1923ರ ಫೆಬ್ರುವರಿಯಲ್ಲಿ ಅದರ ಎಂಜಿನ್ ಗಾಳಿಯಲ್ಲೇ ಕೈಕೊಟ್ಟಿತು. ವಿಮಾನ ಪುಡಿಯಾಯಿತು, ಆಕೆಯ ಕಾಲು ಮುರಿಯಿತು, ಪಕ್ಕೆಲುಬುಗಳು ಮುರಿದವು. ಜನ ಅತ್ತ ಮೈದಾನದಲ್ಲಿ ಪ್ರದರ್ಶನಕ್ಕೆ ಕಾಯುತ್ತಲೇ ಇದ್ದರು.

ಬೆಸ್ಸಿಗೆ ಇದ್ದ ಆಸೆ ಒಂದೇ. ತನ್ನ ಜನಕ್ಕಾಗಿ ಒಂದು ವಿಮಾನ ಶಾಲೆ ತೆರೆಯಬೇಕು, ಯಾರೂ ಇದಕ್ಕಾಗಿ ಕಡಲು ದಾಟುವಂತಾಗಬಾರದು. ಅದಕ್ಕೆ ದುಡ್ಡು ಬೇಕು. ಆ ದುಡ್ಡು ಎದುರು ಬಂದು ನಿಂತಾಗ ಆಕೆ ನಡೆದುಕೊಂಡ ರೀತಿ ನೋಡಿ. ಆಕೆಯನ್ನು ನಾಯಕಿಯಾಗಿಸಿ ಶ್ಯಾಡೊ ಆ್ಯಂಡ್ ಸನ್‌ಶೈನ್ ಎಂಬ ಸಿನಿಮಾ ಮಾಡಲು ಒಂದು ಕಪ್ಪು ಜನರ ಕಂಪನಿ ಮುಂದೆ ಬಂತು. ಮೊದಲ ದೃಶ್ಯದಲ್ಲಿ ಹರಕು ಬಟ್ಟೆ, ಕೈಯಲ್ಲಿ ಕೋಲು, ಬೆನ್ನಿಗೆ ಗಂಟು. ಹಳ್ಳಿಯಿಂದ ಬಂದ ಪೆದ್ದ ಕಪ್ಪು ಹುಡುಗಿ ಎಂದರೆ ಬಿಳಿಯರು ಹೇಗೆ ಕಲ್ಪಿಸಿಕೊಳ್ಳುತ್ತಿದ್ದರೋ ಹಾಗೆ. ಬೆಸ್ಸಿ ಅಲ್ಲಿಂದ ಎದ್ದು ಬಂದಳು. ಬಡತನ ಆಕೆಗೆ ನಾಚಿಕೆಯ ವಿಷಯವಾಗಿರಲಿಲ್ಲ, ಅದು ಹಾಸ್ಯದ ವಸ್ತುವಾಗುವುದನ್ನು ಆಕೆ ಒಪ್ಪಲಿಲ್ಲ. ಆಕೆಯ ಬೆನ್ನಿಗಿದ್ದ ಕೆಲವರು ಇದರಿಂದ ಮುನಿಸಿಕೊಂಡು ದೂರವಾದರು. ಒಂದು ದೃಶ್ಯ ತಾನೇ, ಮಾಡಿಬಿಟ್ಟಿದ್ದರೆ ಶಾಲೆಯಾದರೂ ಆಗುತ್ತಿತ್ತೇನೋ ಎಂದು ನನಗೆ ಒಮ್ಮೊಮ್ಮೆ ಅನಿಸುತ್ತದೆ. ಆದರೆ ಆ ದೃಶ್ಯ ಮಾಡುವ ಹೆಂಗಸು ಫ್ರಾನ್ಸಿಗೂ ಹೋಗುತ್ತಿರಲಿಲ್ಲ.

1925ರ ಜೂನ್ 19ರಂದು ಹೂಸ್ಟನ್‌ನಲ್ಲಿ ಹಾರಿದಳು. ಟೆಕ್ಸಸ್‌ನ ಗುಲಾಮರಿಗೆ ಬಿಡುಗಡೆಯ ಸುದ್ದಿ ತಲುಪಿದ ದಿನ ಅದು, 1865ರಲ್ಲಿ. ಪ್ರದರ್ಶನದ ನಂತರ ಕಪ್ಪು ಜನರನ್ನು ವಿಮಾನದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹಾಕಿಸಿದಳು. ತಾನು ಬೆಳೆದ ವಾಕ್ಸಹ್ಯಾಚಿಯಲ್ಲಿ ಪ್ರದರ್ಶನ ಏರ್ಪಾಡಾದಾಗ ಬಿಳಿಯರಿಗೂ ಕಪ್ಪು ಜನರಿಗೂ ಬೇರೆ ಬೇರೆ ಗೇಟು ಮಾಡಲು ಹೊರಟಿದ್ದರು. ಒಂದೇ ಗೇಟು ಇಡದಿದ್ದರೆ ಹಾರುವುದಿಲ್ಲ ಎಂದು ಬೆಸ್ಸಿ ಪಟ್ಟು ಹಿಡಿದಳು. ಒಂದೇ ಗೇಟು ಮಾಡಿದರು. ಒಳಗೆ ಹೋದ ಮೇಲೆ ಕೂರುವ ಜಾಗ ಮಾತ್ರ ಬೇರೆಯೇ ಉಳಿಯಿತು. ಗೆದ್ದದ್ದು ಒಂದು ಗೇಟು.

ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ ಚರ್ಚಿನ ದಂಪತಿಯೊಂದಿಗೆ ಉಳಿದು, ಅಲ್ಲೊಂದು ಬ್ಯೂಟಿ ಪಾರ್ಲರ್ ಇಟ್ಟಳು. ಪೈಲಟ್ ಲೈಸೆನ್ಸ್ ಇದ್ದವಳು ಮತ್ತೆ ಹಳೆಯ ಕಸುಬಿಗೇ ಮರಳಿದ್ದು ವಿಮಾನದ ಕಂತು ಕಟ್ಟಲು. ಡಲ್ಲಾಸ್‌ನಲ್ಲಿ ಮುಂಗಡ ಕೊಟ್ಟಿದ್ದ ಹಳೆಯ ಜೆನ್ನಿಯ ಕೊನೆಯ ಬಾಕಿಯನ್ನು ಚೂಯಿಂಗ್ ಗಮ್ ಶ್ರೀಮಂತರ ಮನೆಯ ಎಡ್ವಿನ್ ಬೀಮನ್ ತುಂಬಿಕೊಟ್ಟರು. ವಿಲಿಯಂ ವಿಲ್ಸ್ ಎಂಬ 24 ವರ್ಷದ ಬಿಳಿಯ ಮೆಕ್ಯಾನಿಕ್ ಅದನ್ನು ಹಾರಿಸಿಕೊಂಡು ಜಾಕ್ಸನ್‌ವಿಲ್‌ಗೆ ಹೊರಟ. ಬರುವ ದಾರಿಯಲ್ಲೇ ಎಂಜಿನ್ ಮೂರು ಸಲ ಕೈಕೊಟ್ಟು ಎಲ್ಲೆಲ್ಲೋ ಇಳಿಸಬೇಕಾಯಿತು.

1926ರ ಏಪ್ರಿಲ್ 30. ಮಾರನೆಯ ದಿನ ಪ್ರದರ್ಶನ. ಪ್ಯಾರಾಶೂಟಿನಲ್ಲಿ ಎಲ್ಲಿ ಇಳಿಯಬಹುದು ಎಂದು ಜಾಗ ನೋಡಲು ಇಬ್ಬರೂ ಬೆಳಿಗ್ಗೆ ಹಾರಿದರು. ವಿಲ್ಸ್ ವಿಮಾನ ನಡೆಸುತ್ತಿದ್ದ. ಬೆಸ್ಸಿ ಕುಳ್ಳಗಿದ್ದಳು, ಅಂಚಿನ ಮೇಲಿಂದ ಬಗ್ಗಿ ಕೆಳಗೆ ನೋಡಲೆಂದು ಬೆಲ್ಟ್ ಹಾಕಿಕೊಂಡಿರಲಿಲ್ಲ. ಸುಮಾರು 3,500 ಅಡಿ ಎತ್ತರದಲ್ಲಿದ್ದ ವಿಮಾನ ಇದ್ದಕ್ಕಿದ್ದಂತೆ ಮೂತಿ ತಗ್ಗಿಸಿ ಧುಮುಕಿತು, ಸುತ್ತತೊಡಗಿತು, ಮಗುಚಿತು. ಬೆಸ್ಸಿ ಹೊರಗೆ ಎಸೆಯಲ್ಪಟ್ಟಳು. ವಿಲ್ಸ್ ವಿಮಾನದೊಂದಿಗೆ ನೆಲಕ್ಕಪ್ಪಳಿಸಿ ಸತ್ತ. ಆಕೆಗೆ ಆಗ 34 ವರ್ಷ.

ಅವಶೇಷಗಳಲ್ಲಿ ಸಿಕ್ಕಿದ್ದು ಒಂದು ಸ್ಪ್ಯಾನರ್. ಕಂಟ್ರೋಲ್‌ಗಳ ಗೇರಿನ ನಡುವೆ ಸಿಕ್ಕಿಹಾಕಿಕೊಂಡಿತ್ತು. ರಿಪೇರಿ ಮಾಡುವಾಗ ಯಾರೋ ಒಳಗೆ ಬಿಟ್ಟದ್ದು.

ಕಾಲೇಜಿನ ವರ್ಕ್‌ಶಾಪಿನಲ್ಲಿ ಟೂಲ್ಸ್ ಎಣಿಸಿ ವಾಪಸ್ ಕೊಡದಿದ್ದರೆ ರೆಕಾರ್ಡಿಗೆ ಸಹಿ ಹಾಕುವುದಿಲ್ಲ ಎನ್ನುವಾಗ ನಾವೆಲ್ಲ ಗೊಣಗುತ್ತೇವೆ. ಇವತ್ತಿನ ವಿಮಾನ ಹ್ಯಾಂಗರ್‌ಗಳಲ್ಲಿ ಪ್ರತಿ ಸ್ಪ್ಯಾನರಿಗೂ ಅದರದೇ ಆಕಾರ ಬರೆದ ಜಾಗವಿರುತ್ತದೆ. ಒಂದು ಜಾಗ ಖಾಲಿಯಿದ್ದರೂ ಅದು ಸಿಗುವವರೆಗೆ ವಿಮಾನ ಹೊರಡುವಂತಿಲ್ಲ. ಪ್ರತಿ ಸಲ ಹಾರುವ ಮುನ್ನ ವಿಮಾನವನ್ನು ಮುಟ್ಟಿ ನೋಡುವ ಶಾಲೆಯಲ್ಲಿ ಕಲಿತವಳು ಒಂದು ಸ್ಪ್ಯಾನರಿನಿಂದ ಸತ್ತಳು. ಇದನ್ನು ಬರೀ ವಿಧಿ ಎಂದು ಬಿಡಲು ನನಗೆ ಮನಸ್ಸಿಲ್ಲ. ಕೈಯಲ್ಲಿ ದುಡ್ಡಿಲ್ಲದವರಿಗೆ ಸಿಗುವುದು ಅಂಥ ವಿಮಾನವೇ. ಪೈಲಟ್‌ಗಳಿಗೆ ಲೈಸೆನ್ಸ್, ವಿಮಾನಗಳಿಗೆ ತಪಾಸಣೆ ಕಡ್ಡಾಯ ಮಾಡಲು ದಾರಿ ಮಾಡಿಕೊಟ್ಟ ಅಮೆರಿಕದ ಕಾನೂನಿಗೆ ಅಧ್ಯಕ್ಷರ ಸಹಿ ಬಿದ್ದದ್ದು ಅದೇ ವರ್ಷದ ಮೇ 20ರಂದು, ಆಕೆ ಸತ್ತ ಇಪ್ಪತ್ತನೇ ದಿನ.

ಜಾಕ್ಸನ್‌ವಿಲ್, ಒರ್ಲ್ಯಾಂಡೊ, ಶಿಕಾಗೊ, ಮೂರು ಊರುಗಳಲ್ಲಿ ಅಂತಿಮ ನಮನ ನಡೆಯಿತು. ಶಿಕಾಗೊದಲ್ಲಿ ಸಾವಿರಾರು ಜನ ಸೇರಿದರು. ಹೋರಾಟಗಾರ್ತಿ ಐಡಾ ಬಿ. ವೆಲ್ಸ್ ಸಭೆಯನ್ನು ನಡೆಸಿಕೊಟ್ಟರು.

ವಿಮಾನ ಶಾಲೆ ಆಕೆಯ ಕಾಲಕ್ಕೆ ಆಗಲಿಲ್ಲ. 1929ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ವಿಲಿಯಂ ಪೊವೆಲ್ ಎಂಬ ಎಂಜಿನಿಯರ್ ಬೆಸ್ಸಿ ಕೋಲ್ಮನ್ ಏರೊ ಕ್ಲಬ್ ಶುರುಮಾಡಿ ಕಪ್ಪು ಯುವಕ ಯುವತಿಯರಿಗೆ ಹಾರಲು ಕಲಿಸಿದರು. ಶಿಕಾಗೊದಲ್ಲಿ ಕಾರ್ನೀಲಿಯಸ್ ಕಾಫಿ ಮತ್ತು ಜಾನ್ ರಾಬಿನ್ಸನ್ ಎಂಬ ಇಬ್ಬರು ಕಾರ್ ಮೆಕ್ಯಾನಿಕ್‌ಗಳು ತಮ್ಮನ್ನು ಸೇರಿಸಿಕೊಳ್ಳಲು ಒಪ್ಪದಿದ್ದ ವಿಮಾನ ಶಾಲೆಯೊಂದಿಗೆ ಹೋರಾಡಿ ಒಳಗೆ ಹೋದರು, ಓದು ಮುಗಿಸಿದ ಮೇಲೆ ಅಲ್ಲಿಯೇ ತಮ್ಮವರಿಗೆ ಪಾಠವನ್ನೂ ಮಾಡಿದರು. ಶಿಕಾಗೊದ ಈ ಕಪ್ಪು ಪೈಲಟ್‌ಗಳು 1931ರಿಂದ ವರ್ಷಕ್ಕೊಮ್ಮೆ ಲಿಂಕನ್ ಸ್ಮಶಾನದ ಮೇಲೆ ಹಾರಿ, ಬೆಸ್ಸಿಯ ಸಮಾಧಿಯ ಮೇಲೆ ಹೂವು ಹಾಕತೊಡಗಿದರು.